ಹೆಸರು ಹೇಳುವಾಗ ಅವಸರ ಬೇಡ

ಪರದೇಶಕ್ಕೆ ಹೊರಟವರಿಗೆ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಡುವವರು ಬಹಳ. ಹೆಸರಿನ ವಿಷಯ ಹೇಳುವವರು ಕಡಿಮೆ. ಗೀತಾ, ಸವಿತಾ, ಲತಾ ಎಂಬುದನ್ನು ನಾವು ಇಂಗ್ಲಿಷಿನಲ್ಲಿ ‘ಟಿ-ಎಚ್’ ಹಾಕಿ ಬರೆಯುತ್ತೇವೆ. ಅಮೆರಿಕದವರು ಅದನ್ನು ‘ಥ್ಯಾಂಕ್ಸ್’ ಅನ್ನುವಂತೆ, ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಓದುತ್ತಾರೆ. ಅವರದೇನೂ ತಪ್ಪಿಲ್ಲ, ಸ್ಪೆಲ್ಲಿಂಗು ನಮ್ಮದು. ಇನ್ನು ಜ್ಞಾನೇಶ ಎಂಬ ಹೆಸರಿನವರ ಪಾಡಂತೂ ಕೇಳಲೇಬೇಡಿ.

ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಿ, ನಗುನಗುತ್ತಲೇ ತಿದ್ದಿ. ಆರು ತಿಂಗಳು ಸುಮ್ಮನಿದ್ದು ಆಮೇಲೆ ತಿದ್ದಹೊರಟರೆ ಇಬ್ಬರಿಗೂ ಮುಜುಗರ. ಫೋನಿನಲ್ಲಿ ಬಿ, ಡಿ, ಪಿ, ವಿ ಎಲ್ಲ ಒಂದೇ ಥರ ಕೇಳಿಸುತ್ತವೆ. ‘ಬಿ ಫಾರ್ ಬ್ರಾವೊ, ವಿ ಫಾರ್ ವಿಕ್ಟರ್’ ಪದ್ಧತಿ ಕಲಿತಿಟ್ಟುಕೊಳ್ಳಿ. ಕಾಫಿ ಅಂಗಡಿಯ ಲೋಟದ ಮೇಲೆ ‘ಸ್ಯಾಮ್’ ಎಂದು ಬರೆಸಿಕೊಂಡರೆ ಗಂಟೇನೂ ಹೋಗುವುದಿಲ್ಲ. ಆದರೆ ಆಸ್ಪತ್ರೆ, ಬ್ಯಾಂಕು, ವಿಮಾನದ ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನ ಒಂದಕ್ಷರವೂ ಕದಲಬಾರದು.

ಇನ್ನು ಇನಿಷಿಯಲ್ಲು. ನಮ್ಮಲ್ಲಿ ಎಷ್ಟೋ ಮಂದಿಗೆ ಇರುವುದು ಅದೊಂದೇ, ಅಡ್ಡಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ನಿಮ್ಮ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ‘ಹೆಸರು ಗೊತ್ತಿಲ್ಲ’ ಎಂದು ಬೀಳುತ್ತದೆ. ಕೌಂಟರಿನಲ್ಲಿ ಕೂತವರು ಅದನ್ನೇ ಹೆಸರೆಂದುಕೊಂಡು ‘ಫ್ನು’ ಎಂದು ಕೂಗಿದರೆ ಎದ್ದು ಹೋಗಬೇಕಾದವರು ನೀವೇ. ಯುಎಇಯಂತೂ 2022ರ ನವೆಂಬರಿನಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾವನ್ನೇ ನಿಲ್ಲಿಸಿತು. ಹೊರಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿ, ಹೆಸರು, ಸರ್‌ನೇಮ್ ಎರಡೂ ಕಾಲಂ ತುಂಬಿಸಿಕೊಳ್ಳಿ.