ಸೊಗಡಿನ ಕಾಲದಲ್ಲಿ ಕಿನೊವಾ ಚಿಂತೆ

ಪ್ರಶ್ನೆ: ನನಗೆ 38 ವರ್ಷ. ಬ್ಯಾಂಕ್ ಕೆಲಸ. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆಯ ಅತ್ತೆ. ಮಲಗುವಾಗಲೇ ‘ನಾಳೆ ಏನು ಅಡುಗೆ’ ಎಂಬ ಚಿಂತೆ ಶುರುವಾಗುತ್ತದೆ. ಮೊಬೈಲಿನಲ್ಲಿ ಗಂಟೆಗಟ್ಟಲೆ ಅಡುಗೆ ವಿಡಿಯೊ ನೋಡುತ್ತೇನೆ. ಬೆಳಗಾದರೆ ಅದೇ ಟೊಮೆಟೊ ಸಾರು, ಅದೇ ಬೀನ್ಸ್ ಪಲ್ಯ. ಅತ್ತೆಗೆ ಒಳ್ಳೆಯದೆಂದು ತಂದ ಕಿನೊವಾ ಡಬ್ಬದಲ್ಲೇ ಹುಳು ಹಿಡಿಯಿತು. ಮಕ್ಕಳು ಸೊಪ್ಪು ಮುಟ್ಟುವುದಿಲ್ಲ. ಮೊನ್ನೆ ಮಗ ತಟ್ಟೆ ಸರಿಸಿ ‘ಇವತ್ತೂ ಇದೇನಾ’ ಅಂದ. ಒಳಗೆ ಹೋಗಿ ಅತ್ತುಬಿಟ್ಟೆ. ಮೊದಲೆಲ್ಲ ಅಡುಗೆಯೆಂದರೆ ನನಗೆ ಇಷ್ಟವಿತ್ತು. ಈಗೇನಾಗಿದೆ?
– ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆಗೆ ಏನು ಒಳ್ಳೆಯದು, ಮಕ್ಕಳಿಗೆ ಏನು ಸೇರದು ಎಲ್ಲ ಇದೆ. ನಿಮಗೆ ಏನು ತಿನ್ನಬೇಕು ಅನಿಸುತ್ತದೆ ಎಂಬುದು ಮಾತ್ರ ಎಲ್ಲೂ ಇಲ್ಲ. ಮೊದಲು ಅದನ್ನು ಯೋಚಿಸಿ.

ನಿಮಗೆ ದಣಿವಾಗಿದೆ, ಅಷ್ಟೆ. (ಅಡುಗೆ ಮಾತ್ರವಲ್ಲ, ಯಾವುದೂ ಬೇಡ ಅನಿಸುತ್ತಿದ್ದರೆ, ನಿದ್ದೆಯೂ ಕೆಟ್ಟು ವಾರಗಟ್ಟಲೆ ಆಗಿದ್ದರೆ ವೈದ್ಯರನ್ನು ನೋಡಿ, ಅದಕ್ಕೆ ನನ್ನ ಅಂಕಣ ಸಾಲದು.) ರಾತ್ರಿ ಹನ್ನೊಂದಕ್ಕೆ ನೂರು ತಿನಿಸು ನೋಡಿದ ತಲೆಗೆ ಬೆಳಗ್ಗೆ ಆರಕ್ಕೆ ಒಂದೂ ಹೊಳೆಯುವುದಿಲ್ಲ. ನಮ್ಮಜ್ಜಿಗೆ ಗೊತ್ತಿದ್ದದ್ದು ಸಾರು, ಪಲ್ಯ, ಗೊಜ್ಜು, ಕೋಸಂಬರಿ, ರೊಟ್ಟಿ ಎಂಬ ಐದಾರು ಹದ. ಅದರಾಚೆಗಿನದನ್ನು ಸಂತೆಯೇ ತೀರ್ಮಾನ ಮಾಡುತ್ತಿತ್ತು. ಟೊಮೆಟೊ, ಬೀನ್ಸ್ ಹನ್ನೆರಡು ತಿಂಗಳೂ ಸಿಗತೊಡಗಿದ ಮೇಲೆ ಆ ತೀರ್ಮಾನವೂ ನಿಮ್ಮ ತಲೆಗೇ ಬಂತು. ಅದನ್ನು ಸಂತೆಗೇ ವಾಪಸ್ ಕೊಡಿ. ಯಾವುದರ ರಾಶಿ ದೊಡ್ಡದಾಗಿದೆ, ಯಾವುದರ ಬೆಲೆ ಇಳಿದಿದೆ ಎಂದು ನೋಡಿ, ಅದನ್ನು ತನ್ನಿ. ಏನು ಮಾಡುವುದೆಂದು ಮನೆಗೆ ಬಂದು ಯೋಚಿಸಿ.

ಈಗ ನಿಮ್ಮ ಸೀಮೆಯಲ್ಲಿ ಅವರೆಕಾಯಿಯ ಕಾಲ. ನಾಟಿ ಅವರೆ ಹಗಲು ಕಿರಿದಾದಾಗಲೇ ಹೂ ಬಿಡುವ ಬಳ್ಳಿ. ಅದಕ್ಕೇ ಕಾಯಿ ಬರುವುದು ಚಳಿಗೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಆ ಕಟ್ಟುಪಾಡಿಲ್ಲ, ವರ್ಷವಿಡೀ ಬೆಳೆಯಬಹುದು. ಅನುಕೂಲವೇನೋ ಹೌದು. ಆದರೆ ಸುಲಿಯುವಾಗ ಬೆರಳಿಗೆ ಅಂಟುವ ಆ ಸೊಗಡು, ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗದ ಆ ವಾಸನೆ, ನನ್ನ ಮೂಗಿಗೆ ಚಳಿಗಾಲದ ಕಾಯಲ್ಲಿ ಮಾತ್ರ ಸಿಕ್ಕಿದೆ.

ಒಂದೇ ಚೀಲ ಕಾಯಿಯಲ್ಲಿ ವಾರ ಕಳೆಯಬಹುದು. ಮೊದಲ ದಿನ ಕಾಳಿನ ಸಾರು. ಮರುದಿನ ಅಕ್ಕಿ ಹಿಟ್ಟಿಗೆ ಬೆಂದ ಕಾಳು, ಹೆಚ್ಚಿದ ಸಬ್ಬಸಿಗೆ ಸೊಪ್ಪು, ಕಾಯಿತುರಿ ಹಾಕಿ ರೊಟ್ಟಿ ತಟ್ಟಿ. ಮಕ್ಕಳ ಹೊಟ್ಟೆಗೆ ಸೊಪ್ಪು ಹೋಗುವ ದಾರಿ ಅದು, ಪಾಲಕ್ ಸೂಪ್ ಅಲ್ಲ. ಉಳಿದ ಕಾಳನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಟಕ್ಕನೆ ಹಾರುತ್ತದೆ. ಈ ಹಿತುಕುವ ಕೆಲಸವನ್ನು ತಟ್ಟೆ ಸರಿಸಿದ ಮಗನಿಗೇ ಕೊಡಿ. ಬೇಳೆ ಗೋಡೆಗೆ ಹಾರಿಸುತ್ತಾನೆ, ಹಾರಿಸಲಿ. ತಾನು ಹಿತುಕಿದ ಬೇಳೆಯ ಸಾರಿಗೆ ‘ಇದೇನಾ’ ಅನ್ನುವ ಹುಡುಗನನ್ನು ನಾನಿನ್ನೂ ನೋಡಿಲ್ಲ. ಸುಲಿಯುವುದಕ್ಕೆ ನಿಮ್ಮ ಯಜಮಾನರಿದ್ದಾರೆ. ಟಿವಿ ನೋಡುವಾಗ ಕೈ ಹೇಗೂ ಖಾಲಿ.

ವಾರಕ್ಕೆರಡು ದಿನ ಬಸ್ಸಾರು ಮಾಡಿ. ದಂಟು, ಕೀರೆ, ಯಾವ ಸೊಪ್ಪಾದರೂ ಸರಿ, ಕಾಳಿನ ಜತೆ ಬೇಯಿಸಿ ಕಟ್ಟು ಬಸಿಯಿರಿ. ಬೆಂದ ಸೊಪ್ಪು-ಕಾಳಿನಿಂದಲೇ ಒಂದು ಹಿಡಿ ತೆಗೆದು ಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಸಾರಿನ ಪುಡಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಮಿಕ್ಕಿದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ ಒಲೆಗಿಟ್ಟು ಎರಡು ಅಡುಗೆ. ಬೇಯುವಾಗ ನೀರಿಗಿಳಿಯುವ ಫೋಲೇಟ್‌ನಂಥ ವಿಟಮಿನ್ನುಗಳೂ ಬಚ್ಚಲಿಗೆ ಹೋಗದೆ ಹೊಟ್ಟೆಗೇ ಬರುತ್ತವೆ.

ಇನ್ನು ಅತ್ತೆಯ ವಿಷಯ. ಕಿನೊವಾ ಕೆಟ್ಟದ್ದಲ್ಲ, ಆದರೆ ತುಮಕೂರಿನಲ್ಲಿ ಕೂತು ಅದಕ್ಕಾಗಿ ಪರದಾಡುವ ಅಗತ್ಯವಿಲ್ಲ. (ನನ್ನ ಮನೆಗೆ ಬಂದ ಆಲಿವ್ ಎಣ್ಣೆ ಕೊನೆಗೆ ಮೊಮ್ಮಗನ ಮೈಗೆ ಹಚ್ಚಿ ಮುಗಿಯಿತು.) 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ನಾರಿದೆ. ಆದರೆ ರಾಗಿಯೆಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆಯೂ ಬೇಡ, ಅದೂ ಹಿಟ್ಟೇ. ಮುದ್ದೆ ಚಿಕ್ಕದಿರಲಿ, ಪಲ್ಯ ದೊಡ್ಡದಿರಲಿ, ಮೊದಲ ತುತ್ತು ಪಲ್ಯದ್ದೇ ಆಗಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸೂಚಿಸುವ 2000 ಕ್ಯಾಲೊರಿಯ ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ. ನಮ್ಮ ತಟ್ಟೆಗಳಲ್ಲಿ ಇದು ಸಾಮಾನ್ಯವಾಗಿ ತಿರುಗುಮುರುಗಾಗಿರುತ್ತದೆ. ಅತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟದ ಪ್ರಮಾಣ ತಗ್ಗಿಸುವ ಮುಂಚೆ ವೈದ್ಯರಿಗೆ ಹೇಳಿ, ಸಕ್ಕರೆ ತೀರಾ ಕೆಳಗಿಳಿಯುವುದೂ ಅಪಾಯವೇ.

ಚಳಿ ಮುಗಿದ ಮೇಲೆ ಏನು ಎಂದು ಈಗಲೇ ಪಟ್ಟಿ ಮಾಡಬೇಡಿ. ಎಳೆ ಹಲಸಿನಕಾಯಿ ಬರುತ್ತದೆ, ಯುಗಾದಿ ಹೊತ್ತಿಗೆ ಮಾವಿನಕಾಯಿ ಚಿತ್ರಾನ್ನ, ಸೆಕೆಗೆ ಬೂದುಗುಂಬಳದ ಮಜ್ಜಿಗೆಹುಳಿ, ಮಳೆ ಬಿದ್ದರೆ ಹೊಲದ ಬದುವಿನ ಬೆರಕೆ ಸೊಪ್ಪು. ಯಾವ ಸೊಪ್ಪು ಯಾವುದರ ಜತೆ ಸೇರುತ್ತದೆಂದು ಅತ್ತೆಯನ್ನೇ ಕೇಳಿ. ಪಥ್ಯದ ತಟ್ಟೆ ಮುಂದಿಟ್ಟುಕೊಂಡು ಕೂರುವವರಿಗೆ ಯಾರಾದರೂ ಅಡುಗೆ ಕೇಳಿದರೆ ಆಗುವ ಖುಷಿಯೇ ಬೇರೆ.

ಒಂದು ದಿನ ಬರೀ ಅನ್ನ, ತಿಳಿಸಾರು, ಹಪ್ಪಳವಾದರೆ ಆಗಲಿ. ಯಾರೂ ಸೊರಗುವುದಿಲ್ಲ.

ಸಂಕ್ರಾಂತಿ ಕಳೆದರೆ ಸೊಗಡಿನ ಕಾಯಿಗೆ ಉಳಿಯುವುದು ಕೆಲವೇ ವಾರ. ಈ ಭಾನುವಾರ ನಾಲ್ಕು ಕೆಜಿ ತನ್ನಿ. ಸುಲಿದರೆ ಅರ್ಧಕ್ಕಿಂತ ಕಡಿಮೆಯೇ ಸಿಗುತ್ತದೆ. ಮೊದಲ ದಿನ ನಿಮಗೆ ಇಷ್ಟವಾದದ್ದನ್ನೇ ಮಾಡಿಕೊಳ್ಳಿ.