ಹಳೆಯ ಜೀಪು, ಡೀಸೆಲ್ ಎಂಜಿನ್, ಅಸಲು ಬಡ್ಡಿ

ಮಲೆನಾಡಿನ ಕಾಫಿ ತೋಟಗಳಲ್ಲಿ ಹಳೆಯ ಪೆಟ್ರೋಲ್ ಜೀಪಿನ ಎಂಜಿನ್ನನ್ನು ಕೆಳಗಿಳಿಸಿ ಅದರ ಸ್ಥಾನದಲ್ಲಿ ಡೀಸೆಲ್ ಎಂಜಿನ್ನನ್ನು ಕೂರಿಸುವುದು, ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಕೈಯಾಡಿಸುವಷ್ಟೇ ಸಹಜವಾದ ಕಾರ್ಯವಾಗಿದ್ದ ಕಾಲವೊಂದಿತ್ತು. ಮೂಡಿಗೆರೆ ಸೀಮೆಯ ನಮ್ಮ ತೋಟದ ಜೀಪಿಗೂ ತೊಂಬತ್ತರ ದಶಕದ ಕೊನೆಯಲ್ಲಿ ಈ ಸಂಸ್ಕಾರ ನಡೆಯಿತು. ಈಚೆಗೆ ಅಂಥದೇ ಜೀಪೊಂದನ್ನು ಕೊಂಡಿರುವ ನನ್ನ ತಮ್ಮನ ಮಗ, "ದೊಡ್ಡಪ್ಪ, ನಾನೂ ಡೀಸೆಲ್ ಹಾಕಿಸಲೇ? ಲಾಭವಿದೆಯೇ, ನೀವೇ ಹೇಳಿ" ಎಂದು ಕೇಳಿದ್ದರಿಂದ, ಅಂದಿನ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆಯುವ ಪ್ರಸಂಗ ಒದಗಿತು.

ನಮ್ಮ ಜೀಪು ಮಹೀಂದ್ರ ಕಂಪೆನಿಯು ವಿಲ್ಲಿಸ್ ಮಾದರಿಯಂತೆ ತಯಾರಿಸುತ್ತಿದ್ದ ಸಿಜೆ-3ಬಿ. ಅದರ ಹರಿಕೇನ್ ಎಂಜಿನ್ 2.2 ಲೀಟರಿನದು, ಗಾಳಿ ಒಳಸೇರುವ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಬೀಳುವ ವಾಲ್ವು ಕೆಳಗೆ ಬ್ಲಾಕಿನಲ್ಲಿ, ಈ ರಚನೆಯಿಂದ ಎಂಜಿನ್ನು ಎತ್ತರವಾದದ್ದರಿಂದಲೇ ಆ ಜೀಪಿನ ಬಾನೆಟ್ಟೂ ಎತ್ತರವಾಗಿದೆ. ಅದರ ಬದಲಿಗೆ ನಾವು ಕೂರಿಸಿದ್ದು ಅಪಘಾತದಲ್ಲಿ ನುಜ್ಜಾದ ಎಂಎಂ540 ಜೀಪಿನ ಪ್ಯೂಜೋ ಎಂಜಿನ್ನನ್ನು. ಡೀಸೆಲ್ಲೆಂದರೆ ಎಳೆತ ಹೆಚ್ಚು ಎಂಬ ನಂಬಿಕೆ ನಮ್ಮ ಕಡೆ ದೃಢವಾಗಿದೆಯಾದರೂ ಈ ವಿನಿಮಯದಲ್ಲಿ ಅದು ನಿಜವಲ್ಲ: ಇಳಿಸಿದ ಎಂಜಿನ್ನು ಸುಮಾರು 75 ಅಶ್ವಶಕ್ತಿಯದು, ಏರಿಸಿದ್ದು 62ರದು. ಶಕ್ತಿಯಲ್ಲಿ ಕಳೆದುಕೊಂಡೆವು, ಗಳಿಸಿದ್ದೇನಿದ್ದರೂ ರೂಪಾಯಿಯಲ್ಲಿ.

ಆ ಗಳಿಕೆಯಾದರೂ ನಮ್ಮ ಜಾಣ್ಮೆಯ ಫಲವಲ್ಲ, ಸರ್ಕಾರದ ಬೆಲೆನೀತಿಯ ಫಲ. ಅಂದು ಡೀಸೆಲ್ಲಿನ ದರ ಪೆಟ್ರೋಲಿನ ಅರ್ಧಕ್ಕೂ ಕಡಿಮೆಯಿತ್ತು. ಮೈಲೇಜೋ, ಲೀಟರಿಗೆ ಏಳು ಕಿಲೋಮೀಟರಿನಿಂದ ಹನ್ನೊಂದಕ್ಕೆ ಏರಿತು. ಈ ಎರಡು ಅನುಕೂಲಗಳು ಒಂದನ್ನೊಂದು ಗುಣಿಸಿ ಕಿಲೋಮೀಟರಿಗೆ ಎರಡೂವರೆ ರೂಪಾಯಿಯಷ್ಟು ಉಳಿತಾಯವಾಗುತ್ತಿತ್ತು. ಗೊಬ್ಬರ, ಆಳುಕಾಳು, ಕಾಫಿ ಮೂಟೆ, ಶಾಲೆಯ ಮಕ್ಕಳು ಎಂದು ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಡುತ್ತಿದ್ದ ಗಾಡಿಗೆ ಸುರಿದ ನಲವತ್ತೈದು ಸಾವಿರವು ಎರಡು ವರ್ಷ ತುಂಬುವ ಮೊದಲೇ ಹಿಂದಿರುಗಿತು.

ಆ ನಲವತ್ತೈದು ಸಾವಿರದಲ್ಲಿ ಎಂಜಿನ್ನಿನ ಪಾಲು ಅರ್ಧಕ್ಕಿಂತ ಕಡಿಮೆ ಎಂಬುದನ್ನು ಮಾತ್ರ ಯಾರೂ ಮೊದಲಿಗೆ ಹೇಳುವುದಿಲ್ಲ. ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ಬೋಲ್ಟಿನ ತೂತುಗಳು ಹೊಂದದಿರುವುದರಿಂದ ನಡುವೆ ದಪ್ಪನೆಯ ಉಕ್ಕಿನ ಅಡಾಪ್ಟರ್ ಪ್ಲೇಟೊಂದನ್ನು ಲೇತಿನಲ್ಲಿ ಕೊರೆಸಬೇಕು. ಕ್ರ್ಯಾಂಕಿನ ನಡುವೂ ಗೇರ್‌ಬಾಕ್ಸಿನ ಶಾಫ್ಟಿನ ನಡುವೂ ಒಂದೇ ರೇಖೆಯಲ್ಲಿ ಬರದೆ ಕೂದಲೆಳೆಯಷ್ಟು ಸರಿದರೂ ಪೈಲಟ್ ಬೇರಿಂಗು, ಅದರ ಹಿಂದೆಯೇ ಕ್ಲಚ್ ಪ್ಲೇಟು ಬೇಗನೆ ಸವೆದುಹೋಗುತ್ತವೆ. ನಮ್ಮ ಮೇಸ್ತ್ರಿ ಡಯಲ್ ಗೇಜನ್ನು ಫ್ಲೈವೀಲಿಗೆ ಕಟ್ಟಿ, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸುತ್ತ, ಮುಳ್ಳು ಅಲುಗಿದಾಗಲೆಲ್ಲ ಪ್ಲೇಟನ್ನು ಬಿಚ್ಚಿ ಮತ್ತೆ ಲೇತಿಗೆ ಕಳುಹಿಸಿದ ಪರಿಯನ್ನು ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನೋಡಿದ್ದೇನೆ; ಆ ದಿನದ ಕೂಲಿಯನ್ನು ಕೊಡುವಾಗ ನನಗೆ ಸ್ವಲ್ಪವೂ ಸಂಕಟವಾಗಲಿಲ್ಲ. ಇದರ ಮೇಲೆ ಎಂಜಿನ್ ಮೌಂಟು, ರೇಡಿಯೇಟರು, ಸೈಲೆನ್ಸರಿನ ಪೈಪು, ದೊಡ್ಡ ಬ್ಯಾಟರಿ, ನಾಜಲುಗಳಿಂದ ಟ್ಯಾಂಕಿಗೆ ಮರಳುವ ಡೀಸೆಲ್ಲಿಗೊಂದು ಪೈಪು. ಟ್ರ್ಯಾಕ್ಟರಿನ ಕುಲಕ್ಕೆ ಸೇರಿದ ನಿಧಾನಗತಿಯ ಎಂಜಿನ್ನನ್ನು ಆರಿಸಿಕೊಂಡವರಿಗಂತೂ 5.38ರ ಹಳೆಯ ಕ್ರೌನ್-ಪಿನಿಯನ್ನುಗಳನ್ನೂ, ಮುಂದಿನ ಮತ್ತು ಹಿಂದಿನ ಎರಡು ಹೌಸಿಂಗುಗಳಲ್ಲಿಯೂ ಸರಿಸಮನಾಗಿ, ಬದಲಾಯಿಸದೆ ಗತ್ಯಂತರವಿಲ್ಲ. ಇಲ್ಲವಾದರೆ ಹೆದ್ದಾರಿಯಲ್ಲಿ ಎಂಜಿನ್ನು ಅರಚುತ್ತದೆಯೇ ಹೊರತು ಗಾಡಿ ಮುಂದೆ ಹೋಗದು.

ಇನ್ನು ಇಂದಿನ ಲೆಕ್ಕ. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆ ಸರ್ಕಾರದ ನಿಯಂತ್ರಣದಿಂದ ಬಿಡುಗಡೆಯಾಯಿತು, ಡೀಸೆಲ್ಲಿನದು ಆಗಲಿಲ್ಲ. ಆದಕಾರಣ 2012ರ ಮೇ ತಿಂಗಳಿನಲ್ಲಿ ದೆಹಲಿಯಲ್ಲಿ ಪೆಟ್ರೋಲು ಎಪ್ಪತ್ತು ರೂಪಾಯಿಯನ್ನು ದಾಟಿದಾಗಲೂ ಡೀಸೆಲ್ಲು ನಲವತ್ತೊಂದರೊಳಗೇ ಇತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ಲಿಗೂ ಆ ಬಿಡುಗಡೆ ದೊರೆಯಿತು. ಈಗ ನಮ್ಮಲ್ಲಿ ಪೆಟ್ರೋಲು ನೂರರ ಆಚೆ, ಡೀಸೆಲ್ಲು ತೊಂಬತ್ತರ ಆಸುಪಾಸು. ಅದೇ ಏಳು, ಅದೇ ಹನ್ನೊಂದು ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಆರು ರೂಪಾಯಿ ಉಳಿಯುತ್ತದೆ. ಕೇಳಲು ಇಂಪಾಗಿದೆ, ಆದರೆ ಹುಡುಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ರಜೆಗಳಲ್ಲಿ ಮಾತ್ರ ಜೀಪನ್ನು ಹೊರಗೆ ತೆಗೆಯುವವನು, ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರು ಓಡಿಸಿದರೆ ಹೆಚ್ಚು. ಹದಿನೈದು ಸಾವಿರ ಉಳಿಸಲು ಅವನು ಹೂಡಬೇಕಾದದ್ದು, ಮೇಸ್ತ್ರಿಯ ಅಂದಾಜಿನಂತೆ, ಒಂದೂವರೆ ಲಕ್ಷ. ಆ ಹಣವನ್ನು ಬ್ಯಾಂಕಿನಲ್ಲಿ ನೂರಕ್ಕೆ ಆರೂವರೆಯ ಠೇವಣಿಯಾಗಿ ಇಟ್ಟರೆ ವರ್ಷಕ್ಕೆ 9,750 ರೂಪಾಯಿ ಕುಳಿತಲ್ಲಿಗೇ ಬರುತ್ತದೆ. ಅಸಲು ಎಲ್ಲಿಯೂ ಹೋಗುವುದಿಲ್ಲ. ಎಂಜಿನ್ನಿನೊಳಗೆ ಹೋದ ಅಸಲಾದರೋ ವರ್ಷವರ್ಷಕ್ಕೂ ಸವೆಯುವಂಥದು. ಹಾಗಾಗಿ ಉಳಿತಾಯವೆಂದು ನಿಜವಾಗಿ ನಿಲ್ಲುವುದು ಐದು ಸಾವಿರದಷ್ಟು. ಡೀಸೆಲ್ ಪಂಪನ್ನು ಒಮ್ಮೆ ಬಿಚ್ಚಿಸಿದರೆ ಅದೂ ಇಲ್ಲ.

ಇದಕ್ಕಿಂತ ದೊಡ್ಡ ಖರ್ಚು ಕಾಗದದಲ್ಲಿ ಅಡಗಿದೆ. ನಮ್ಮ ಕಾಲದಲ್ಲಿ ಆರ್‌ಟಿಓ ಕಛೇರಿಗೆ ಎಂಜಿನ್ನಿನ ಖರೀದಿ ರಸೀದಿಯನ್ನು ಒಪ್ಪಿಸಿ, ಗಾಡಿಯನ್ನು ತಪಾಸಣೆಗೆ ನಿಲ್ಲಿಸಿ, ಆರ್‌ಸಿ ಪುಸ್ತಕದಲ್ಲಿ ಹೊಸ ಎಂಜಿನ್ ನಂಬರನ್ನೂ ಇಂಧನದ ಹೆಸರನ್ನೂ ಬರೆಯಿಸಿಕೊಂಡು ಬಂದೆವು. ಇಂದು ಆ ದಾರಿ ಬಹಳ ಕಿರಿದಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಖಚಿತವಾಗಿ ಎತ್ತಿಹಿಡಿದಿದೆ. ಲಿಖಿತ ಅನುಮತಿ ಕೈಗೆ ಬರುವ ಮೊದಲೇ ಎಂಜಿನ್ನನ್ನು ಏರಿಸಿದವನ ಜೀಪು ಘಾಟಿಯಲ್ಲಿ ಮಗುಚಿದರೆ, ವಿಮೆಯವರು ಪುಸ್ತಕದ ನಂಬರನ್ನೂ ಬ್ಲಾಕಿನ ಮೇಲಿನ ನಂಬರನ್ನೂ ಹೋಲಿಸಿ ನೋಡಿ ಕೈಚೆಲ್ಲಲು ಅವಕಾಶ ಉಂಟು. ಗ್ಯಾರೇಜಿನವರ ಕೊಟೇಷನ್ನಿನಲ್ಲಿ ಈ ಬಾಬಿಗೆ ಸಾಲೇ ಇರುವುದಿಲ್ಲ.

ಮತ್ತೊಂದು ವಿಚಿತ್ರ. ಈಗ ಹಳೆಯ ಜೀಪನ್ನು ಹುಡುಕಿಕೊಂಡು ಬರುವವರು ಮೂಲ ಎಂಜಿನ್ನು ಇದೆಯೇ ಎಂದೇ ಮೊದಲು ವಿಚಾರಿಸುತ್ತಾರೆ; ಅದಿದ್ದರೆ ಬೆಲೆ ಹೆಚ್ಚು. ನಾವು ಇಳಿಸಿದ ಹರಿಕೇನ್ ಎಂಜಿನ್ನು ಗೊಬ್ಬರದ ಶೆಡ್ಡಿನಲ್ಲಿ ಎಣ್ಣೆ ಬಳಿಸಿಕೊಂಡು, ಟಾರ್ಪಾಲು ಹೊದ್ದು ಇನ್ನೂ ಇದೆ. ಹೊರಗೆ ಎಸೆಯಲು ನಾಲ್ಕು ಆಳು ಬೇಕೆಂಬ ಆಲಸ್ಯವೇ ಅದನ್ನು ಉಳಿಸಿತು.

ಲೆಕ್ಕವನ್ನೆಲ್ಲ ಕೇಳಿದ ಹುಡುಗ ತನ್ನ ಎಂಜಿನ್ನನ್ನೇ ಬೋರಿಗೆ ಕೊಟ್ಟು, ಪಿಸ್ಟನ್ನು ರಿಂಗುಗಳನ್ನು ಹೊಸದಾಗಿ ಹಾಕಿಸಲು ನಿಶ್ಚಯಿಸಿದ. ಅದರ ಹೆಡ್ಡಿನಲ್ಲಿ ಬಿರುಕು ಬಿಟ್ಟಿದೆಯೆಂದು ಹೋದ ವಾರ ಫೋನು ಮಾಡಿ, "ದೊಡ್ಡಪ್ಪ, ಶೆಡ್ಡಿನಲ್ಲಿರುವುದನ್ನು ನನಗೆ ಕೊಡಿ" ಎಂದ. ಮಾರುಕಟ್ಟೆಯ ದರವನ್ನು ವಿಚಾರಿಸಿ ಹೇಳುತ್ತೇನೆಂದಿದ್ದೇನೆ.