ಮಧುಮೇಹವುಳ್ಳ ಮಕ್ಕಳೂ ವ್ರತೋಪವಾಸವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಹಿರಿಯರೊಡನೆ ಮಕ್ಕಳೂ ಏಕಾಶನ, ಉಪವಾಸಗಳನ್ನು ಕೈಕೊಳ್ಳುವುದು ನಮ್ಮ ಮನೆಗಳ ಸತ್ಸಂಪ್ರದಾಯವಾಗಿದೆ. ಆದರೆ ಹದಿನಾಲ್ಕು ಹದಿನೈದರ ಪ್ರಾಯದ ಮಗುವಿಗೆ ಒಂದನೆಯ ಬಗೆಯ ಮಧುಮೇಹವಿದೆಯೆಂದು ವೈದ್ಯರು ಹೇಳಿದ ಮನೆಯಲ್ಲಿ, ಮುಂದಿನ ಪರ್ವ ಬರುತ್ತಲೇ ಮೂರು ಪ್ರಶ್ನೆಗಳು ಏಳುತ್ತವೆ. ಈ ಮಗು ಉಪವಾಸ ಮಾಡಬಹುದೇ? ರಾತ್ರಿ ಬಾಯಿಗೆ ಸಕ್ಕರೆ ಹಾಕಬೇಕಾದರೆ ನಿಯಮಭಂಗವಾಗುವುದೇ? ಇನ್ಸುಲಿನ್ ಔಷಧವು ಅಹಿಂಸಾವ್ರತಕ್ಕೆ ಬಾಧಕವೇ? ಇವುಗಳನ್ನು ಕ್ರಮವಾಗಿ ವಿಚಾರಿಸೋಣ.

ರೋಗದ ಸ್ವರೂಪ

ನಾವು ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದು ಅಂಗಾಂಗಗಳ ಒಳಹೊಕ್ಕು ಶಕ್ತಿಯಾಗಲು ಇನ್ಸುಲಿನ್ ಎಂಬ ರಸ ಬೇಕು. ಇದನ್ನು ಸ್ರವಿಸುವುದು ಮೇದೋಜೀರಕ ಗ್ರಂಥಿಯ ಬೀಟಾ ಕಣಗಳು. ದೇಹದ ರಕ್ಷಣಾಶಕ್ತಿಯೇ ತಪ್ಪಿ ಈ ಕಣಗಳನ್ನು ನಾಶಪಡಿಸಿದಾಗ ಒಂದನೆಯ ಬಗೆಯ ಮಧುಮೇಹ ಬರುತ್ತದೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು, ಆಯಾಸ ಇವು ಅದರ ಲಕ್ಷಣಗಳು. ಸಿಹಿ ತಿಂದುದರಿಂದ ಇದು ಬಂದದ್ದಲ್ಲ, ಅಂಟುರೋಗವೂ ಅಲ್ಲ. ಇದಕ್ಕೆ ಹೊರಗಿನಿಂದ ಇನ್ಸುಲಿನ್ ಕೊಡದೆ ಗತಿಯಿಲ್ಲ. ಹಾಗಲಕಾಯಿ, ಕಷಾಯ ಯಾವುದೂ ಅದರ ಸ್ಥಾನವನ್ನು ತುಂಬಲಾರವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಿಕಿತ್ಸೆ ಆರಂಭವಾದ ಮೇಲೆ ಕೆಲವು ಮಕ್ಕಳಲ್ಲಿ ಉಳಿದಿರುವ ಕಣಗಳು ಚೇತರಿಸಿಕೊಂಡು, ಕೆಲವು ತಿಂಗಳ ಕಾಲ ಔಷಧದ ಪ್ರಮಾಣ ತೀರ ಇಳಿಯುತ್ತದೆ. ಆಗ ಹರಕೆಯಿಂದಲೋ ನಾಟಿ ಮದ್ದಿನಿಂದಲೋ ರೋಗ ಹೋಯಿತೆಂದು ಭ್ರಮಿಸಿ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಾಪಾಯವಾಗುತ್ತದೆ.

ಕರ್ಮಸಿದ್ಧಾಂತವನ್ನು ಬಳಸುವ ಬಗೆ

ವ್ಯಾಧಿಯು ಅಸಾತಾವೇದನೀಯ ಕರ್ಮದ ಉದಯವೆಂಬುದು ಆಗಮಸಮ್ಮತ. ಆದರೆ ಈ ಮಾತು ತನ್ನ ಸಮತೆಗಾಗಿ ತಾನು ಚಿಂತಿಸತಕ್ಕದ್ದೇ ಹೊರತು, ಅಳುವ ಮಗುವಿನ ಮುಂದೆ ಆಪಾದನೆಯಾಗಿ ಆಡತಕ್ಕದ್ದಲ್ಲ. ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತದಿಂದ ಫಲ ಕೊಡುತ್ತದೆ. ಔಷಧವೂ ಒಂದು ನಿಮಿತ್ತ. ಅದನ್ನು ಒದಗಿಸುವುದು ಪುರುಷಾರ್ಥ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಸೇರಿಸಿದ ಪೂರ್ವಾಚಾರ್ಯರು ರೋಗಿಯನ್ನು ಕರ್ಮದ ಪಾಲಿಗೆ ಬಿಟ್ಟುಬಿಡಿರೆಂದು ಹೇಳಲಿಲ್ಲ.

ಉಪವಾಸದ ವಿಚಾರ

ಈ ರೋಗದಲ್ಲಿ ಉಪವಾಸಕ್ಕೆ ಎರಡು ಕಡೆಯಿಂದಲೂ ಅಪಾಯವಿದೆ. ಔಷಧವನ್ನು ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆ. “ಇಂದು ಊಟವಿಲ್ಲ, ಆದುದರಿಂದ ಔಷಧವೂ ಬೇಡ” ಎಂದುಕೊಂಡರೆ ಇನ್ನೂ ಕೇಡು. ಊಟವಿಲ್ಲದಾಗಲೂ ದೇಹಕ್ಕೆ ಸ್ವಲ್ಪ ಇನ್ಸುಲಿನ್ ಬೇಕೇ ಬೇಕು. ಅದಿಲ್ಲದಾಗ ದೇಹವು ಕೊಬ್ಬನ್ನು ಉರಿಸಿ ಕೀಟೋನ್ ಎಂಬ ಆಮ್ಲಗಳನ್ನು ಉಂಟುಮಾಡುತ್ತದೆ. ವಾಂತಿ, ಹೊಟ್ಟೆನೋವು, ದೀರ್ಘವಾದ ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮನೆಯವರೆಲ್ಲ ಅನಂತ ಚತುರ್ದಶಿಯ ಉಪವಾಸದಲ್ಲಿರುವಾಗ ಮಗುವೂ ಗುಟ್ಟಾಗಿ ಊಟ, ಔಷಧ ಎರಡನ್ನೂ ಬಿಡುವ ಸಂಭವವುಂಟು. ಪರ್ವಕ್ಕೆ ಮೊದಲೇ ಈ ಮಾತನ್ನು ಬಿಡಿಸಿ ಹೇಳಬೇಕು.

ಹೊಸದಾಗಿ ರೋಗ ತಿಳಿದ ಮಗು ಅನಶನವನ್ನು ಕೈಕೊಳ್ಳತಕ್ಕದ್ದಲ್ಲ. ಇದರಿಂದ ಧರ್ಮಹಾನಿಯಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳೆರಡಕ್ಕೂ “ಶಕ್ತಿಗನುಸಾರವಾಗಿ” ಎಂಬ ವಿಶೇಷಣವಿದೆ. ಪರಂಪರೆಯ ಕಥನದಂತೆ, ಆಚಾರ್ಯ ಸಮಂತಭದ್ರರಿಗೆ ಭಸ್ಮಕವ್ಯಾಧಿ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಮುನಿವೇಷವನ್ನು ತೊರೆದಾದರೂ ರೋಗವನ್ನು ಶಮನಮಾಡಿಕೊಂಡು ಮರಳಿ ದೀಕ್ಷೆ ತಳೆಯಬೇಕೆಂದು ಆಜ್ಞಾಪಿಸಿದರು. ಅಂಥ ತಪಸ್ವಿಗೇ ದೇಹರಕ್ಷಣೆ ವಿಹಿತವಾಯಿತೆಂದ ಮೇಲೆ ಬೆಳೆಯುವ ಮಗುವಿನ ಮಾತೇನು?

ಬಾಹ್ಯತಪಸ್ಸುಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ಮಗುವು ರಸಪರಿತ್ಯಾಗವನ್ನು ಮಾಡಬಹುದು. ಒಂದು ದಿನ ತುಪ್ಪವನ್ನೋ ಎಣ್ಣೆಯನ್ನೋ ಬಿಡಬಹುದು. ಸಕ್ಕರೆ ಬೆಲ್ಲಗಳನ್ನು ಬಿಟ್ಟರೆ “ಔಷಧವಾಗಿ ಬೇಕಾದಾಗ ಹೊರತು” ಎಂಬ ಮಾತನ್ನು ನಿಯಮದಲ್ಲಿಯೇ ಸೇರಿಸಬೇಕು. ಊಟದ ಪ್ರಮಾಣವನ್ನು ತಗ್ಗಿಸುವ ಅವಮೌದರ್ಯವಾದರೆ ಔಷಧದ ಪ್ರಮಾಣವೂ ಬದಲಾಗಬೇಕಾಗುವುದರಿಂದ ವೈದ್ಯರನ್ನು ಕೇಳದೆ ಮಾಡಕೂಡದು. ಸ್ವಾಧ್ಯಾಯ, ಸಾಮಾಯಿಕ, ಮೌನಗಳಿಗೆ ಯಾವ ಅಡ್ಡಿಯೂ ಇಲ್ಲ.

ರಾತ್ರಿಭೋಜನ ತ್ಯಾಗ

ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ನಮ್ಮ ರೂಢಿಯನ್ನು ವೈದ್ಯರಿಗೆ ಮೊದಲ ದಿನವೇ ತಿಳಿಸಬೇಕು. ಸಂಜೆಯ ಊಟದಿಂದ ಬೆಳಗಿನವರೆಗಿನ ದೀರ್ಘ ಅಂತರಕ್ಕೆ ತಕ್ಕಂತೆ ಔಷಧದ ಹೊತ್ತು, ಪ್ರಮಾಣಗಳನ್ನು ಅವರು ಹೊಂದಿಸಿಕೊಡುತ್ತಾರೆ.

ಆದರೂ ರಾತ್ರಿ ಸಕ್ಕರೆ ಇಳಿಯಬಹುದು. ಬೆವರು, ನಡುಕ, ವಿಪರೀತ ಹಸಿವು, ಸಿಡುಕು, ಮಂಕು ಇವು ಅದರ ಗುರುತುಗಳು. ಪರೀಕ್ಷೆಯಲ್ಲಿ 70 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಗಂಟೆಯನ್ನು ನೋಡದೆ 15 ಗ್ರಾಂ, ಎಂದರೆ ಸುಮಾರು ಮೂರು ಚಹಾ ಚಮಚದಷ್ಟು ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕರಗಿಸಿ ಕುಡಿಸಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಪುನಃ ಕೊಡಬೇಕು. ಕೆಲವರು ಜೇನುತುಪ್ಪವನ್ನು ಸೂಚಿಸುವುದುಂಟು. ನಮಗೆ ಅದು ತ್ಯಾಜ್ಯ, ಅದರ ಅಗತ್ಯವೂ ಇಲ್ಲ. ಮಗುವಿಗೆ ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ, ವೈದ್ಯರು ಗ್ಲುಕಗಾನ್ ಕೊಟ್ಟಿದ್ದರೆ ಅವರು ತಿಳಿಸಿದಂತೆ ಅದನ್ನು ಕೊಟ್ಟು, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಇದು ಭೋಜನವಲ್ಲ, ಔಷಧ. ನೀರು, ಔಷಧಗಳಿಗೆ ವಿನಾಯಿತಿ ಇಟ್ಟುಕೊಂಡು ರಾತ್ರಿಭೋಜನ ತ್ಯಾಗದ ನಿಯಮ ಹಿಡಿಯುವ ರೂಢಿ ಅನೇಕ ಶ್ರಾವಕರ ಮನೆಗಳಲ್ಲಿದೆ. ಮಗುವಿಗೂ ಹಾಗೆಯೇ ನಿಯಮ ಕೊಡಿಸಿ, ಹಾಸಿಗೆಯ ಬಳಿ ಗ್ಲೂಕೋಸ್ ಪೊಟ್ಟಣವನ್ನು ಇರಿಸಿರಿ. ಪಾಪಭೀತಿಯಿಂದ ಮಗು ಬೆಳಗಿನವರೆಗೆ ತಡೆದುಕೊಂಡು ಮಲಗುವಂತಾಗಬಾರದು.

ಇನ್ಸುಲಿನ್ ಮತ್ತು ಅಹಿಂಸೆ

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದ ರೋಗಿ 14 ವರ್ಷದ ಬಾಲಕ. ಆ ಬಳಿಕ ಬಹುಕಾಲ ಅದನ್ನು ದನ, ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದುದು ನಿಜ; ನಮ್ಮ ಹಿರಿಯರ ಅಳುಕಿಗೆ ಕಾರಣವಿತ್ತು. 1982ರಲ್ಲಿ ಅಮೆರಿಕದಲ್ಲಿ ಮಾನವ ಇನ್ಸುಲಿನ್ನಿಗೆ ಅನುಮತಿ ದೊರೆಯಿತು. ಇದನ್ನು ಬ್ಯಾಕ್ಟೀರಿಯಾ, ಯೀಸ್ಟುಗಳಲ್ಲಿ ತಯಾರಿಸುತ್ತಾರೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇಂದು ಮಕ್ಕಳಿಗೆ ಸಾಮಾನ್ಯವಾಗಿ ಬರೆದುಕೊಡುವುದು ಈ ಬಗೆಯದನ್ನೇ. ಶ್ರಾವಕನ ಅಹಿಂಸಾಣುವ್ರತವು ತ್ರಸಜೀವಿಗಳ ಸಂಕಲ್ಪೀಹಿಂಸೆಯ ತ್ಯಾಗವಾಗಿದೆ. ಪ್ರಾಣಿಯ ಅಂಗದಿಂದ ತೆಗೆಯದ ಈ ಔಷಧದಿಂದ ಅದು ಭಂಗವಾಗದು. ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರದ ಉಪದೇಶ. ಔಷಧ ಕೈಯಲ್ಲಿದ್ದೂ ಮಗುವಿಗೆ ಕೊಡದಿರುವುದೇ ಪ್ರಮಾದ.

ಮನೆಯವರ ವೈಯಾವೃತ್ಯ

ರೋಗಿಯ ಸೇವೆಯಾದ ವೈಯಾವೃತ್ಯವು ಅಂತರಂಗ ತಪಸ್ಸುಗಳಲ್ಲಿ ಒಂದು. ಪರ್ವಕಾಲದಲ್ಲಿ ತಾನು ಉಪವಾಸವಿದ್ದು, ಮಗುವಿಗೆ ಹೊತ್ತಿಗೆ ಸರಿಯಾಗಿ ಬಡಿಸುವ ತಾಯಿಯದು ಇಮ್ಮಡಿ ತಪಸ್ಸು.

ಹದಿಹರೆಯದಲ್ಲಿ ದೇಹದ ಬೆಳವಣಿಗೆಯಿಂದಲೇ ಸಕ್ಕರೆ ಏರಿಳಿಯುತ್ತದೆ. ಎಲ್ಲ ಏರಿಕೆಯೂ ಮಗುವಿನ ತಪ್ಪಲ್ಲ. ರಕ್ತಪರೀಕ್ಷೆಯ ಸಂಖ್ಯೆಯನ್ನು ಪರೀಕ್ಷೆಯ ಅಂಕದಂತೆ ನೋಡಬಾರದು. ಹೆಚ್ಚು ಬಂದಾಗಲೆಲ್ಲ ಗದರಿದರೆ ಮಗು ಸುಳ್ಳು ಸಂಖ್ಯೆ ಬರೆಯಲು ಕಲಿಯುತ್ತದೆ. ಆಗ ಅದರ ಸತ್ಯವ್ರತವನ್ನು ಮುರಿಸಿದವರು ನಾವೇ ಆಗುತ್ತೇವೆ. ಚುಚ್ಚುಮದ್ದನ್ನು ಮಗುವೇ ತೆಗೆದುಕೊಳ್ಳಲಿ. ಆದರೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರಲಿ. ಬಸದಿಯಲ್ಲಿ, ಸಮಾರಂಭಗಳಲ್ಲಿ, ಹತ್ತು ಜನರ ಮುಂದೆ “ಇದನ್ನು ತಿನ್ನಬಹುದೇ?” ಎಂದು ಕೇಳದಿರಲಿ. ಶಾಲೆಯ ಉಪಾಧ್ಯಾಯರಿಗೂ ಒಬ್ಬ ಆಪ್ತ ಗೆಳೆಯನಿಗೂ ವಿಷಯ ಗೊತ್ತಿರಲಿ. ಮುಂದೆ ವಿವಾಹಕ್ಕೆ ಅಡ್ಡಿಯಾದೀತೆಂದು ಹೆಣ್ಣುಮಗಳ ರೋಗವನ್ನು ಬಚ್ಚಿಟ್ಟರೆ ಅವಳು ಔಷಧವನ್ನೂ ಬಚ್ಚಿಟ್ಟು ತೆಗೆದುಕೊಳ್ಳಬೇಕಾಗುತ್ತದೆ. ಹೊತ್ತು ತಪ್ಪುವುದು ಅಲ್ಲಿಂದಲೇ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಉಪವಾಸದ ದಿನವೂ ಇನ್ಸುಲಿನ್ ಏಕೆ ಬೇಕು?
2. ಅನಶನವಲ್ಲದ ಬಾಹ್ಯತಪಸ್ಸುಗಳಲ್ಲಿ ಮಗುವಿಗೆ ಯಾವುದು ಯೋಗ್ಯ? ಯಾವುದಕ್ಕೆ ವೈದ್ಯರ ಅನುಮತಿ ಬೇಕು?
3. ರಾತ್ರಿ ಸಕ್ಕರೆ ಇಳಿದಾಗ ಮನೆಯವರ ಕರ್ತವ್ಯವೇನು?

ಈ ಮೂರಕ್ಕೆ ಉತ್ತರವನ್ನು ಮಗುವಿನ ಬಾಯಿಂದಲೇ ಹೇಳಿಸಿ, ಮನೆಯವರೆಲ್ಲರೂ ಕೇಳಬೇಕೆಂದು ವಿನಂತಿ.